ರಜೆ ಕ್ಯಾಂಪಿಗೆ ಮಕ್ಕಳನ್ನ ಕಳ್ಸೋ ಮುಂಚೆ ಇದೊಂದು ಓದ್ಬಿಡಿ

ದಸರಾ ರಜೆ ಕ್ಯಾಂಪುಗಳ ಪೋಸ್ಟರ್ ಆಗ್ಲೇ ವಾಟ್ಸಾಪಲ್ಲಿ ಓಡಾಡ್ತಿದೆ, ಅದಕ್ಕೇ ಈಗ ಬರೀತಿದೀನಿ. ಬೇಸಿಗೆ ರಜೇಲಿ ನಮ್ಮ ಒಂಬತ್ತು ವರ್ಷದ ಮಗಳನ್ನ ಸಕಲೇಶಪುರದ ಕಡೆ ಎಸ್ಟೇಟಲ್ಲಿ ನಡೆಯೋ ಒಂದು ಅಡ್ವೆಂಚರ್ ಕ್ಯಾಂಪಿಗೆ ಕಳ್ಸಿದ್ವಿ. ಹೆಸರು ಹಾಕಲ್ಲ, ವಕೀಲರು ಬೇಡ ಅಂದಿದಾರೆ. ಟ್ರೇನ್ಡ್ ಸ್ಟಾಫು, ಡಾಕ್ಟರ್ ಆನ್ ಕಾಲ್, 24 ಗಂಟೆ ಸೂಪರ್‌ವಿಷನ್, ಪೋಸ್ಟರಲ್ಲಿ ಎಲ್ಲಾ ಇತ್ತು.

ನಿಜವಾಗ್ಲೂ ಇದ್ದಿದ್ದು ಅರವತ್ತು ಚಿಲ್ಲರೆ ಮಕ್ಕಳಿಗೆ ರಜೇಲಿ ಕೈಖರ್ಚಿಗೆ ಅಂತ ಬಂದಿದ್ದ ನಾಲ್ಕು ಜನ ಡಿಗ್ರಿ ಹುಡುಗ್ರು, ಒಬ್ಬ ಮ್ಯಾನೇಜರು, ಅಡುಗೆಯವರು. ಕಾಡು ದಾರೀಲಿ ಹೋಗುವಾಗ ಯಾವ್ದೋ ಹುಡುಗ ಹೆಜ್ಜೇನಿಗೆ ಕಲ್ಲು ಬೀಸಿದಾನೆ, ಹುಳ ಎದ್ದಿದೆ, ಮಕ್ಕಳೆಲ್ಲ ದಿಕ್ಕಾಪಾಲು. ನಮ್ಮವಳಿಗೆ ಕುತ್ತಿಗೆ, ಕೈ ಅಂತ ನಾಲ್ಕೈದು ಕಡೆ ಕಚ್ಚಿದೆ. ಆ ಹುಡುಗ್ರನ್ನ ನಾನು ಬೈಯಲ್ಲ, ಅವರಿಗೆ ಯಾರೂ ಏನೂ ಹೇಳ್ಕೊಟ್ಟಿರ್ಲಿಲ್ಲ, ಪಾಪ ಸುಣ್ಣ ಹಚ್ಚಿ ಮಲಗ್ಸಿದಾರೆ. ಸ್ವಲ್ಪ ಹೊತ್ತಿಗೆ ಮೈತುಂಬ ದದ್ದು, ತುಟಿ ಕಣ್ಣು ಊದ್ಕೊಂಡು, ವಾಂತಿ, ಆಮೇಲೆ ಉಸಿರಾಡೋಕೇ ಕಷ್ಟ. ಫಸ್ಟ್ ಏಡ್ ಡಬ್ಬೀಲಿ ಡೆಟಾಲು, ಹತ್ತಿ, ಜ್ವರದ ಮಾತ್ರೆ. ಆನ್ ಕಾಲ್ ಡಾಕ್ಟರಿಗೆ ಫೋನ್ ಮಾಡೋಣ ಅಂದ್ರೆ ಅಲ್ಲಿ ನೆಟ್‌ವರ್ಕೇ ಇಲ್ಲ, 108ಕ್ಕೂ ಅದೇ ಕಥೆ, ಇದ್ದ ಒಂದು ಜೀಪೂ ತರಕಾರಿಗೆ ಅಂತ ಪೇಟೆಗೆ ಹೋಗಿತ್ತಂತೆ. ಕೊನೆಗೆ ಪಕ್ಕದ ಎಸ್ಟೇಟಿನ ರೈಟ್ರು ತಮ್ಮ ಗಾಡೀಲಿ ಹಾಕ್ಕೊಂಡು ಆಸ್ಪತ್ರೆಗೆ ಮುಟ್ಸಿದ್ರು, ಆ ಪುಣ್ಯಾತ್ಮರಿಂದ ಮಗು ಉಳೀತು. ನಮಗೆ ಫೋನ್ ಬಂದಿದ್ದು ಸಂಜೆ, ಅದೂ 'ಸ್ವಲ್ಪ ಜೇನು ಕಚ್ಚಿದೆ ಮೇಡಂ' ಅಂತ!!

ಡಾಕ್ಟರು ಹೇಳಿದ್ದು, ಇದು ಅನಾಫಿಲಾಕ್ಸಿಸ್, ಸೀರಿಯಸ್ ಅಲರ್ಜಿ, ಮೊದ್ಲು ಕೊಡ್ಬೇಕಾದ್ದು ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್ನು, ಅದೂ ನಿಮಿಷಗಳ ಲೆಕ್ಕ, ಮಾತ್ರೆ ನುಂಗ್ಸಿ ಕಾಯೋ ಹಾಗಿಲ್ಲ. ಮುಳ್ಳು ಚರ್ಮದಲ್ಲೇ ಇದ್ರೆ ವಿಷ ಇಳೀತಾನೇ ಇರುತ್ತೆ, ತಕ್ಷಣ ಕೆರೆದು ತೆಗೀಬೇಕು. ಅಂದ್ರೆ ಆ ಔಷಧಿ ಇಟ್ಕೊಂಡಿರೋ, ಕೊಡೋಕೆ ಬರೋ ಒಬ್ರು ಕ್ಯಾಂಪಲ್ಲೇ ಇರ್ಬೇಕು. ಮೂವತ್ತು ಕಿಲೋಮೀಟರ್ ಆಚೆ ಇರೋ ಡಾಕ್ಟರ ನಂಬರ್ ಇಟ್ಕೊಂಡು ಏನು ಮಾಡೋದು?

ನ್ಯೂಯಾರ್ಕ್ ರಾಜ್ಯದಲ್ಲಿರೋ ನನ್ನ ತಂಗಿ ಇದನ್ನ ಕೇಳಿ ಅಲ್ಲಿನ ರೂಲ್ಸ್ ಕಳ್ಸಿದ್ಲು. ಅಲ್ಲಿ ಮಕ್ಕಳ ಕ್ಯಾಂಪಿಗೆ ಹೆಲ್ತ್ ಡಿಪಾರ್ಟ್‌ಮೆಂಟ್ ಪರ್ಮಿಟ್ ಬೇಕು, ಮಕ್ಕಳ ಆರೋಗ್ಯದ ಜವಾಬ್ದಾರಿ ಹೊರೋ ಹೆಲ್ತ್ ಡೈರೆಕ್ಟರ್ ಅಂತ ಒಬ್ರು ಇರ್ಲೇಬೇಕು, ರಾತ್ರಿ ಉಳಿಯೋ ಕ್ಯಾಂಪಾದ್ರೆ ಎಂಟು ವರ್ಷ ತುಂಬಿದ ಮಕ್ಕಳು 10 ಜನಕ್ಕೆ ಒಬ್ಬ ಕೌನ್ಸೆಲರ್, ಅದಕ್ಕಿಂತ ಚಿಕ್ಕೋರಾದ್ರೆ 8ಕ್ಕೆ ಒಬ್ಬ. ನಮ್ಮೂರಿನ ಕ್ಯಾಂಪಿನೋರನ್ನ ಕೇಳೋಕೂ ಇದೇ ಲೆಕ್ಕ ಇಟ್ಕೊಳ್ಳಿ. ಎಷ್ಟು ಮಕ್ಕಳು, ಎಷ್ಟು ಜನ ನೋಡ್ಕೊಳ್ಳೋರು (ಅಡುಗೆಯವರು, ಡ್ರೈವರನ್ನ ಸೇರಿಸ್ಬೇಡಿ), ನರ್ಸ್ ಯಾರು, ರಾತ್ರೀನೂ ಇರ್ತಾರಾ, ಹುಡುಗೀರ ರೂಮಿನ ಹತ್ರ ಲೇಡಿ ಸ್ಟಾಫ್ ಮಲಗ್ತಾರಾ, ಸ್ಟಾಫಿಗೆ ಪೊಲೀಸ್ ವೆರಿಫಿಕೇಶನ್ ಆಗಿದೆಯಾ, ಒಂದು ಗಾಡಿ ಅಲ್ಲಿಂದ ಕದಲದ ಹಾಗೆ ನಿಂತಿರುತ್ತಾ. 'ಎಲ್ಲಾ ಇದೆ ಸರ್' ಅಂದ್ರೆ ನಂಬ್ಬೇಡಿ, ಹೆಸರು, ಓದು ವಾಟ್ಸಾಪಲ್ಲಿ ಬರೆದು ಕಳ್ಸಿ ಅನ್ನಿ.

ಮಗಳು ಆಮೇಲೆ ಹೇಳಿದ್ದು, ಹಿಂದಿನ ದಿನ ಹಳ್ಳಕ್ಕೂ ಇಳ್ಸಿದ್ರಂತೆ, ಲೈಫ್ ಜಾಕೆಟ್ ಇಲ್ದೆ. ಕೇಳಿ ಕೈಕಾಲು ತಣ್ಣಗಾಯ್ತು. 2024ರ ಡಿಸೆಂಬರಲ್ಲಿ ಮುರುಡೇಶ್ವರದಲ್ಲಿ ಮುಳಬಾಗಿಲು ಕಡೆ ವಸತಿ ಶಾಲೆಯ ನಾಲ್ಕು ಹುಡುಗೀರು ಸಮುದ್ರಪಾಲಾದ್ರಲ್ಲ, ಆ ಟೂರಲ್ಲೂ ಟೀಚರ್ಸ್ ಇದ್ರು. ದೊಡ್ಡೋರು ಜೊತೇಲಿರೋದು ಬೇರೆ, ನೀರಿಂದ ಎತ್ತೋಕೆ ಬರೋರು ಇರೋದು ಬೇರೆ.

ದುಡ್ಡು ವಾಪಸ್ ಕೇಳಿದ್ದಕ್ಕೆ ನಾವು ಸೈನ್ ಹಾಕಿದ್ದ 'ಏನಾದ್ರೂ ನಾವು ಜವಾಬ್ದಾರರಲ್ಲ' ಫಾರ್ಮಿನ ಫೋಟೋ ಕಳ್ಸಿದ್ರು. ಆ ಫಾರ್ಮಲ್ಲಿ ಟೀ ಶರ್ಟ್ ಸೈಜ್ ಕೇಳಿದ್ರು, ಅಲರ್ಜಿ ಕೇಳಿರ್ಲಿಲ್ಲ. ಗ್ರಾಹಕರ ಆಯೋಗಕ್ಕೆ ಹಾಕ್ತಿದೀವಿ. ಎರಡು ವರ್ಷದೊಳಗೆ ಹಾಕ್ಬೇಕು, ಕಟ್ಟಿದ ದುಡ್ಡು 5 ಲಕ್ಷದೊಳಗಿದ್ರೆ ಫೀಸಿಲ್ಲ, ಏನು ಎತ್ತ ಅಂತ ಕೇಳೋಕೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡ್ಬಹುದು. ನಿಮ್ಮಲ್ಲಿ ಯಾರಿಗಾದ್ರೂ ಹೀಗಾಗಿದ್ರೆ ಆ ಪೋಸ್ಟರ್, ದುಡ್ಡು ಕಟ್ಟಿದ ರಸೀದಿ, ಆಸ್ಪತ್ರೆ ಡಿಸ್ಚಾರ್ಜ್ ಕಾಗ್ದ ಬಿಸಾಡ್ಬೇಡಿ, ವಕೀಲರು ಮೊದ್ಲು ಕೇಳಿದ್ದೇ ಅವನ್ನ.