ಭವಂತಿ ಸ್ಟ್ರೀಟಿನ ಫ್ರೇಮ್ ಅಂಗಡಿಯಲ್ಲಿ ನನ್ನ ಜಿಫ್ರೆಂಡ್

ಮೊದಲೇ ಹೇಳಿಬಿಡುತ್ತೇನೆ. ಕೆಪಾಪ್ (ಕೊರಿಯಾದ ಪಾಪ್ ಸಂಗೀತ) ಪೋಸ್ಟರ್, ಆಲ್ಬಂ, ಆಲ್ಬಂ ಜೊತೆ ಬರುವ ಸಣ್ಣ ಫೋಟೋಕಾರ್ಡ್ ಇದನ್ನೆಲ್ಲ ಫ್ರೇಮ್ ಹಾಕಿಸಬೇಕು ಅಂತ ಯೋಚಿಸುತ್ತಿರುವ ಮಂಗಳೂರಿನವರು ಧೈರ್ಯವಾಗಿ ಈ ಅಂಗಡಿಗೆ ಹೋಗಬಹುದು. ರಥಬೀದಿ ಕಡೆಯಿಂದ ಭವಂತಿ ಸ್ಟ್ರೀಟಿಗೆ ಬಂದರೆ ಸಿಗುತ್ತದೆ. ಬೋರ್ಡಿನ ಅಕ್ಷರ ಬಿಸಿಲಿಗೆ ಮಾಸಿಹೋಗಿದೆ, ಆದರೆ ಹೊರಗೆ ಕೊರಗಜ್ಜನ ದೊಡ್ಡ ಫೋಟೋ ತೂಗುಹಾಕಿರುವ ಫ್ರೇಮ್ ಅಂಗಡಿ ಅಂತ ಕೇಳಿದರೆ ಯಾರಾದರೂ ತೋರಿಸುತ್ತಾರೆ. ಒಳಗೆ ಇಬ್ಬರು ನಿಂತರೆ ಮೂರನೆಯವರಿಗೆ ಜಾಗ ಇಲ್ಲ. ಗೋಡೆ ತುಂಬಾ ದೇವರು, ಮದುವೆ ಜೋಡಿಗಳು, ಹಾರ ಹಾಕಲು ಕೊಕ್ಕೆ ಇರುವ ಅಜ್ಜ ಅಜ್ಜಿಯರ ಫೋಟೋ. ಅಲ್ಲಿ ನಾನು ಆರು ಜನ ಕೊರಿಯನ್ ಹುಡುಗಿಯರ ಪೋಸ್ಟರ್ ಬಿಚ್ಚಿ ಮೇಜಿನ ಮೇಲೆ ಇಟ್ಟಾಗ ಯಜಮಾನರು ನಗಲಿಲ್ಲ. ಕೈ ಒರೆಸಿಕೊಂಡು ಬಂದರು, ಮೂಲೆ ಹಿಡಿದು ಬೆಳಕಿಗೆ ಓರೆ ಮಾಡಿ ನೋಡಿದರು. ಅರ್ಧ ಸಮಾಧಾನ ನನಗೆ ಅಲ್ಲೇ ಆಯಿತು.

ಸಮಾಧಾನ ಯಾಕೆ ಬೇಕಿತ್ತು ಅಂದರೆ, ಅದು ಸುಮ್ನೆ ಒಂದು ಪೋಸ್ಟರ್ ಅಲ್ಲ. ಜಿಫ್ರೆಂಡ್ ಅನ್ನುವ ಆ ಆರು ಗಾಯಕಿಯರ ಗುಂಪು ಒಡೆಯುವ ಮೊದಲು ಬಂದ ಕೊನೆಯ ಕೊರಿಯನ್ ಆಲ್ಬಂನದ್ದು. ಆಲ್ಬಂ ಬಂದದ್ದು 2020ರ ನವೆಂಬರ್ 9ಕ್ಕೆ. ಬೆಂಗಳೂರಿನವರ ಜೊತೆ ಸೇರಿ ಒಟ್ಟಿಗೆ ಆರ್ಡರ್ ಹಾಕಿದ್ದೆವು, ಕಸ್ಟಮ್ಸ್ ದಾಟಿ ಕೈಗೆ ಸಿಗುವಾಗ ತಿಂಗಳುಗಳೇ ಕಳೆದಿದ್ದವು. ಆಮೇಲೆ ಮೇ ಬಂತು. 2021ರ ಮೇ 15ಕ್ಕೆ ತೌಕ್ತೆ ಚಂಡಮಾರುತ ನಮ್ಮ ಕರಾವಳಿಗೆ ಬಡಿದದ್ದು ಇಲ್ಲಿಯವರಿಗೆಲ್ಲ ನೆನಪಿರಬಹುದು. ಲಾಕ್‌ಡೌನ್ ಬೇರೆ. ಕರೆಂಟ್ ಬಂದು ಹೋಗಿ ಮಾಡುತ್ತಿತ್ತು. 18ನೇ ತಾರೀಖು ಫೋನ್ ಚಾರ್ಜ್ ಆಗಿ ನೆಟ್ ಸಿಕ್ಕಿದ ಕೂಡಲೇ ಕಂಡದ್ದು ಗುಂಪಿನ ಕಂಪನಿಯ ಆ ಪ್ರಕಟಣೆ. ಮೇ 22ಕ್ಕೆ ಕರಾರು ಮುಗಿಯುತ್ತದೆ, ತುಂಬಾ ಮಾತಾಡಿ ಬೇರೆ ಬೇರೆ ದಾರಿ ಹಿಡಿಯುವುದು ಅಂತ ತೀರ್ಮಾನ ಆಗಿದೆ, ಅಷ್ಟೇ. ಮಧ್ಯದಲ್ಲಿ ನಾಲ್ಕು ದಿನ. ಕೊನೆಯದಾಗಿ ಒಂದು ಕಾರ್ಯಕ್ರಮ ಇಲ್ಲ, ವಿದಾಯಕ್ಕೆ ಒಂದು ಹಾಡು ಇಲ್ಲ. ಆರು ವರ್ಷದ ಗುಂಪಿಗೆ ನಾಲ್ಕು ದಿನ ಯಾವ ಲೆಕ್ಕ?

ಜಿಫ್ರೆಂಡ್ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದ್ದು ಅರ್ಥ ಆಗುವುದಿಲ್ಲ. ಸೋವನ್, ಯೆರಿನ್, ಉನ್ಹಾ, ಯುಜು, ಸಿನ್‌ಬಿ, ಉಮ್‌ಜಿ. 2015ರ ಜನವರಿಯಲ್ಲಿ ಒಂದು ಸಣ್ಣ ಕಂಪನಿಯಿಂದ ಬಂದವರು. ಆ ವರ್ಷ ಸೆಪ್ಟೆಂಬರಿನಲ್ಲಿ ಮಳೆ ಬಿದ್ದು ಜಾರುತ್ತಿದ್ದ ಹೊರಗಿನ ವೇದಿಕೆಯಲ್ಲಿ ಕುಣಿಯುವಾಗ ಸಿನ್‌ಬಿ ಬಿದ್ದಳು, ಯುಜು ಮತ್ತೆ ಮತ್ತೆ ಬಿದ್ದಳು, ಪ್ರತಿ ಸಲ ಎದ್ದು ಹಾಡು ಎಲ್ಲಿತ್ತೋ ಅಲ್ಲಿಂದಲೇ ಹಿಡಿದಳು. ಅಭಿಮಾನಿಯೊಬ್ಬರು ತೆಗೆದ ಆ ವಿಡಿಯೊ ಪ್ರಪಂಚ ಪೂರ್ತಿ ಓಡಿತು. ನಾನು ಅವರನ್ನು ಕಂಡದ್ದೂ ಅದರಲ್ಲೇ. ಮರುವರ್ಷ ಜನವರಿಯಲ್ಲಿ ಬಂದ ಅವರ ಹಾಡಿಗೆ ಕೊರಿಯಾದ ಟಿವಿ ಸಂಗೀತ ಕಾರ್ಯಕ್ರಮಗಳಲ್ಲಿ 15 ಸಲ ಮೊದಲ ಸ್ಥಾನ ಸಿಕ್ಕಿತು. ದೊಡ್ಡ ಕಂಪನಿಗಳ ಬಲ ಇಲ್ಲದೆ, ಬಿದ್ದು ಎದ್ದು, ಕೈಕಾಲು ಒಂದೇ ತಾಳಕ್ಕೆ ಹೊಂದಿಸಿ ಗಳಿಸಿದ್ದು ಅದು. ಆಮೇಲೆ 2019ರಲ್ಲಿ ಅವರ ಕಂಪನಿಯನ್ನೇ ದೊಡ್ಡ ಕಂಪನಿಯೊಂದು ಕೊಂಡಿತು. ಇನ್ನು ಇವರಿಗೆ ಒಳ್ಳೆಯ ದಿನ ಅಂತ ನಾವೆಲ್ಲ ಖುಷಿಪಟ್ಟಿದ್ದೆವು.

ಕೆಪಾಪ್‌ನಲ್ಲಿ ಏಳು ವರ್ಷದ ಶಾಪ ಅಂತ ಒಂದು ಮಾತು ಉಂಟು. ಕೊರಿಯಾದ ನ್ಯಾಯಯುತ ವ್ಯಾಪಾರ ಆಯೋಗ 2009ರಲ್ಲಿ ಕಲಾವಿದರಿಗೂ ಕಂಪನಿಗೂ ಮಾದರಿ ಕರಾರು ತಂದ ಮೇಲೆ ಏಳು ವರ್ಷ ಅನ್ನುವುದು ರೂಢಿಯಾಗಿದೆ. ಅದು ಮುಗಿಯುವ ಹೊತ್ತಿಗೆ ಗುಂಪುಗಳು ಒಡೆಯುತ್ತವೆ. ಹಾಗಾಗಿ ಅಭಿಮಾನಿಗಳು ಆರನೇ ವರ್ಷದಿಂದಲೇ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಾರೆ. ನಮಗೆ ಅದಕ್ಕೂ ಸಮಯ ಸಿಗಲಿಲ್ಲ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಗುಂಪು ಒಡೆದ ದಿನದಿಂದ ಮನೆಯಲ್ಲಿರುವ ಕಾಗದಗಳ ಬೆಲೆಯೇ ಬೇರೆ ಆಗುತ್ತದೆ. ದುಡ್ಡಿನ ಬೆಲೆ ಅಲ್ಲ. ಹಾಳಾದರೆ ಇನ್ನೊಂದು ತರಿಸುವ ಅಂತ ಹೇಳುವ ಹಾಗಿಲ್ಲ, ಹೊಸದು ಮುದ್ರಣ ಆಗುವುದಿಲ್ಲ. ನಮ್ಮ ಊರಿನ ಹವೆ ಗೊತ್ತಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆ ಬೆವರುತ್ತದೆ, ಕಪಾಟಿನಲ್ಲಿಟ್ಟ ಚರ್ಮದ ಚಪ್ಪಲಿಗೆ ಬೂಷ್ಟು ಬರುತ್ತದೆ. ನನ್ನ ಒಂದು ಪೋಸ್ಟರಿನ ಅಂಚಿಗೆ ಕಂದು ಚುಕ್ಕೆ ಬಂದಾಗ ಇನ್ನು ಹೀಗೇ ಬಿಟ್ಟರೆ ಆಗಲಿಕ್ಕಿಲ್ಲ ಅನಿಸಿತು.

ಮೊದಲು ಇನ್ನೊಂದು ಪೋಸ್ಟರನ್ನು ಬೇರೊಂದು ಫೋಟೋ ಸ್ಟುಡಿಯೊಗೆ ಕೊಟ್ಟಿದ್ದೆ. ಹೆಸರು ಬೇಡ. ಅಂಟಿಸಬೇಡಿ, ಅಂಟಿಸಬೇಡಿ ಅಂತ ಸ್ಪಷ್ಟವಾಗಿ ಹೇಳಿದ್ದೆ, ಚೀಟಿಯಲ್ಲೂ ಬರೆಸಿದ್ದೆ. ವಾಪಸ್ ಬರುವಾಗ ಪೋಸ್ಟರ್ ಎಂಡಿಎಫ್ (ಮರದ ಪುಡಿ ಒತ್ತಿ ಮಾಡಿದ) ಹಲಗೆಗೆ ಪೂರ್ತಿ ಅಂಟಿತ್ತು, ಮೇಲೆ ಮಿರಿಮಿರಿ ಲ್ಯಾಮಿನೇಷನ್. ಉಮ್‌ಜಿಯ ಮುಖದ ಮೇಲೆ ಗಾಳಿಗುಳ್ಳೆ. ಅದನ್ನು ಬಿಡಿಸಲಿಕ್ಕೆ ಆಗುವುದಿಲ್ಲ, ಬಿಡಿಸಿದರೆ ಹರಿಯುತ್ತದೆ. ಮಳೆಗಾಲಕ್ಕೆ ಹಲಗೆ ನೀರು ಕುಡಿದು ಉಬ್ಬಿತು ಬೇರೆ. ಕೇಳಿದರೆ "ಎಲ್ಲರಿಗೂ ಹೀಗೇ ಮಾಡುವುದು" ಅಂದರು. ನನಗೆ ಅಳು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಭವಂತಿ ಸ್ಟ್ರೀಟಿನವರು ಮಾಡಿದ ಕೆಲಸ ನೋಡಿ. ಮೊದಲನೆಯದು, ಅಂಟು ಮುಟ್ಟಿಸಲಿಲ್ಲ. ಆಸಿಡ್ ಇಲ್ಲದ ಬಿಳಿ ಮೌಂಟ್ ಬೋರ್ಡ್ (ಫ್ರೇಮಿನ ಒಳಗೆ ಇಡುವ ದಪ್ಪ ರಟ್ಟು) ಮೇಲೆ ಪೋಸ್ಟರ್ ಇಟ್ಟು ನಾಲ್ಕು ಮೂಲೆಗೆ ಸಣ್ಣ ಪಾರದರ್ಶಕ ಮೂಲೆಹಿಡಿಗಳನ್ನು ಕೂರಿಸಿದರು. ಹಿಡಿಗಳು ಬೋರ್ಡಿಗೆ ಅಂಟಿವೆ, ಪೋಸ್ಟರಿಗೆ ಅಲ್ಲ. ನಾಳೆ ಬೇಕಾದರೆ ಹಾಗೇ ತೆಗೆಯಬಹುದು. ಮಾಮೂಲಿ ರಟ್ಟು ಹಿಂದೆ ಇಟ್ಟರೆ ಅದರ ಆಸಿಡ್ ಕಾಗದಕ್ಕೆ ಇಳಿದು ವರ್ಷಗಳಲ್ಲಿ ಹಳದಿ ಮಾಡುತ್ತದೆ, ಹಳೆಯ ಮದುವೆ ಫೋಟೋಗಳು ಹಾಳಾಗಿರುವುದು ಜಾಸ್ತಿ ಅದರಿಂದಲೇ ಅಂತ ಅವರೇ ಒಂದು ಹಳೆಯ ಫ್ರೇಮ್ ಬಿಚ್ಚಿ ತೋರಿಸಿದರು. ಎರಡನೆಯದು, ಗಾಜು ಪೋಸ್ಟರಿಗೆ ತಾಗುವುದಿಲ್ಲ. ಸುತ್ತ ಎರಡು ಇಂಚಿನ ಮೌಂಟ್ ಅಂಚು ಕೊಟ್ಟಿದ್ದಾರೆ, ಅದರ ದಪ್ಪದಷ್ಟು ಸಂದು ಮಧ್ಯದಲ್ಲಿ ಉಂಟು. ನುಣುಪು ಕಾಗದ ಗಾಜಿಗೆ ತಾಗಿ ಕೂತರೆ ನಮ್ಮ ತೇವಕ್ಕೆ ಕಚ್ಚಿಕೊಂಡುಬಿಡುತ್ತದೆ, ಆಮೇಲೆ ಎಳೆದರೆ ಬಣ್ಣ ಗಾಜಿಗೆ ಹೋಗುತ್ತದೆ. ಫ್ರೇಮಿಗೆ ತೇಗ ಹಾಕಿಸಿದೆ. ಸಿಂಥೆಟಿಕ್ ಪಟ್ಟಿ ಅಗ್ಗ, ತೇವಕ್ಕೂ ಏನೂ ಆಗುವುದಿಲ್ಲ, ಅದನ್ನೇ ತಗೊಳ್ಳಿ ಅಂತ ಅವರು ಹೇಳಿದ್ದರು. ಜಾಸ್ತಿ ದುಡ್ಡಿನದ್ದನ್ನು ತಳ್ಳಲಿಕ್ಕೆ ನೋಡಲಿಲ್ಲ ಅನ್ನುವುದಕ್ಕೆ ಇದನ್ನು ಹೇಳುತ್ತಿದ್ದೇನೆ. ಹಿಂದೆ ಕಂದು ಕಾಗದದ ಟೇಪ್ ಸುತ್ತಲೂ ಹಾಕಿ ಮುಚ್ಚಿದ್ದಾರೆ. ಕೆಳಗಿನ ಎರಡು ಮೂಲೆಗೆ ರಬ್ಬರ್ ಗುಂಡಿ, ಗೋಡೆಗೂ ಫ್ರೇಮಿಗೂ ಮಧ್ಯೆ ಗಾಳಿ ಆಡಲಿ ಅಂತ. ಪಶ್ಚಿಮದ ಗೋಡೆಗೆ ಹಾಕಬೇಡಿ, ಮಳೆ ಹೊಡೆಯುವುದೇ ಆ ಕಡೆಯಿಂದ, ಕಿಟಕಿಯ ಎದುರಂತೂ ಬೇಡವೇ ಬೇಡ ಅಂತ ಎಚ್ಚರಿಕೆ ಕೂಡ ಕೊಟ್ಟರು.

ಇನ್ನೊಂದು ಕೆಲಸ ಕೊಟ್ಟದ್ದು ಫೋಟೋಕಾರ್ಡಿನದ್ದು. ಆರು ಜನರದ್ದೂ ಒಂದೊಂದು, ಜೊತೆಗೆ ಆಲ್ಬಂ. ಅದಕ್ಕೆ ಆಳ ಇರುವ ಪೆಟ್ಟಿಗೆ ಫ್ರೇಮ್ ಬೇಕು. ಕಾರ್ಡುಗಳು ಇದ್ದ ಹಳೆಯ ಪಿವಿಸಿ ಕವರನ್ನು ಮುಟ್ಟಿ ನೋಡಿ, ಜಿಗುಟು ಬಂದಿದೆ, ಇದರಿಂದ ತೆಗೆಯಿರಿ ಅಂದರು. ಪಿವಿಸಿ ಮೆತ್ತಗಿರಲಿ ಅಂತ ಹಾಕುವ ರಾಸಾಯನಿಕ ಹೊರಗೆ ಬಂದು ಮುದ್ರಣ ಎಬ್ಬಿಸುತ್ತದೆ. ಅದು ಇಲ್ಲದ ಪಾಲಿಪ್ರೊಪಿಲೀನ್ ಕವರ್ ನಾನೇ ತಂದುಕೊಟ್ಟೆ.

ಕಾರ್ಡುಗಳನ್ನು ಮೇಜಿನ ಮೇಲೆ ಹರಡಿ ಅವರು ಕೇಳಿದರು, ಇವರಲ್ಲಿ ಯಾರಾದರೂ ತೀರಿಕೊಂಡಿದ್ದಾರಾ ಅಂತ. ಕೇಳಿದ ರೀತಿ ತುಂಬಾ ಮೆದು. ಹಾಗಿದ್ದರೆ ಅವರನ್ನು ಮಧ್ಯದಲ್ಲಿ ಇಡುವುದು ವಾಡಿಕೆ ಅಂತೆ. ಇಲ್ಲ, ಎಲ್ಲರೂ ಚೆನ್ನಾಗಿದ್ದಾರೆ, ಗುಂಪು ಮಾತ್ರ ಇಲ್ಲ ಅಂದೆ. ಹೇಳುವಾಗ ಗಂಟಲು ಕಟ್ಟಿತು. ಸುದ್ದಿ ಬಂದ ದಿನ ಮನೆಯವರು, ಸ್ನೇಹಿತರು ಎಲ್ಲ ಹೇಳಿದ್ದು ಅದನ್ನೇ ಅಲ್ವಾ, ಯಾರಿಗೂ ಏನೂ ಆಗಿಲ್ಲವಲ್ಲ, ಅಳುವುದು ಯಾಕೆ ಅಂತ. ಉನ್ಹಾ, ಸಿನ್‌ಬಿ, ಉಮ್‌ಜಿ ಮೂವರೂ ವಿವಿಜ್ ಅಂತ ಹೊಸ ಗುಂಪಾಗಿ 2022ರ ಫೆಬ್ರವರಿಯಲ್ಲಿ ಬಂದರು. ಯುಜು, ಯೆರಿನ್ ಒಬ್ಬೊಬ್ಬರೇ ಹಾಡಿದರು. ಸೋವನ್ ನಟನೆಗೆ ಹೋದಳು. ಎಲ್ಲರದ್ದೂ ನೋಡಿದೆ, ಕೇಳಿದೆ, ಖುಷಿಯೂ ಆಯಿತು. ಆದರೆ ಯುಜುವಿನ ದನಿ ಎತ್ತರಕ್ಕೆ ಹೋಗುವಾಗ ಕೆಳಗೆ ಉಳಿದ ಐವರ ದನಿ ಬಂದು ಸೇರುವ ಒಂದು ಜಾಗ ಇತ್ತು. ಅದು ಒಬ್ಬೊಬ್ಬರ ಹಾಡಿನಲ್ಲಿ ಇರಲಿಕ್ಕೆ ಸಾಧ್ಯವೇ ಇಲ್ಲ. ನಾನು ಅತ್ತದ್ದು ಅದಕ್ಕೆ. ಅಂಗಡಿಯವರಿಗೆ ಇಷ್ಟು ವಿವರ ಹೇಳಲಿಲ್ಲ. ಅವರು "ಹಾಗಾದರೆ ಸಮ ಸಾಲು ಮಾಡುವ, ಯಾರೂ ಮುಂದೆ ಬೇಡ, ಯಾರೂ ಹಿಂದೆ ಬೇಡ" ಅಂದರು, ಸ್ಕೇಲ್ ಇಟ್ಟು ಪೆನ್ಸಿಲಿನಲ್ಲಿ ಗುರುತು ಹಾಕಿದರು. ಮೂರು ಮೇಲೆ, ಮೂರು ಕೆಳಗೆ. ಸಂದುಗಳು ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲ.

ಇಷ್ಟು ವರ್ಷ ಈ ಪೋಸ್ಟರಿಗೆ ಫ್ರೇಮ್ ಹಾಕಿಸದೆ ಇದ್ದದ್ದಕ್ಕೆ ಹಳೆಯ ಸ್ಟುಡಿಯೊ ಒಂದೇ ಕಾರಣ ಅಲ್ಲ. ಗೋಡೆಗೆ ಹಾಕಿದರೆ ಮುಗಿಯಿತು ಅಂತ ನಾನೇ ಒಪ್ಪಿದ ಹಾಗೆ ಆಗುತ್ತದೆ ಅನಿಸುತ್ತಿತ್ತು. 2025ರ ಜನವರಿಯಲ್ಲಿ ಹತ್ತು ವರ್ಷ ತುಂಬಿದ್ದಕ್ಕೆ ಆರೂ ಜನ ಮತ್ತೆ ಒಟ್ಟಾದರು. ಹೊಸ ಆಲ್ಬಂ, ಸಿಯೋಲ್‌ನಲ್ಲಿ ಕಾರ್ಯಕ್ರಮ. ಪುನಃ ಶುರು ಆಗುತ್ತದೆ ಅಂತ ಆಸೆ ಇಟ್ಟವರು ತುಂಬಾ ಜನ ಇದ್ದರು. ನನಗೆ ಹಾಗೆ ಅನಿಸಲಿಲ್ಲ. 2021ರಲ್ಲಿ ಸಿಗದ ವೇದಿಕೆ ಈಗ ಸಿಕ್ಕಿತು, ಅವರು ಎದುರು ನಿಂತು ಅತ್ತರು, ನಗಾಡಿದರು, ಹಳೆಯ ಹಾಡೆಲ್ಲ ಹಾಡಿದರು, ಆಮೇಲೆ ಅವರವರ ಕೆಲಸಕ್ಕೆ ಹೋದರು. ಮುಗಿಯುವುದಾದರೆ ಹಾಗೆ ಮುಗಿಯಬೇಕು. ಪೋಸ್ಟರನ್ನು ಕಪಾಟಿನಿಂದ ತೆಗೆದದ್ದು ಅದರ ನಂತರವೇ. ಹೊಸ ಆಲ್ಬಂನ ಕಾರ್ಡನ್ನೂ ಪೆಟ್ಟಿಗೆಯಲ್ಲಿ ಸೇರಿಸುವುದಾ ಅಂತ ಯಜಮಾನರು ಕೇಳಿದ್ದರು. ಬೇಡ ಅಂದೆ. ಅದು ಬೇರೆ ದಿನದ್ದು, ಅದಕ್ಕೆ ಬೇರೆ ಫ್ರೇಮ್ ಮಾಡಿಸುತ್ತೇನೆ.

ಕೊರತೆಗಳೂ ಉಂಟು. ಹೇಳಿದ ದಿನಕ್ಕೆ ಕೊಡುವುದಿಲ್ಲ, ವಾರ ಮುಂದೆ ಹೋಗುತ್ತದೆ. ಫೋನ್ ಮಾಡಿದರೆ ಎತ್ತುವುದು ಕಡಿಮೆ. ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕಿದರೆ ನಾಲ್ಕರ ತನಕ ತೆಗೆಯುವುದಿಲ್ಲ. ಭವಂತಿ ಸ್ಟ್ರೀಟಿನಲ್ಲಿ ಕಾರು ನಿಲ್ಲಿಸುವ ಮಾತೇ ಬೇಡ, ಹಂಪನಕಟ್ಟೆ ಕಡೆ ಎಲ್ಲಾದರೂ ಇಟ್ಟು ನಡೆದು ಬನ್ನಿ. ಪೆಟ್ಟಿಗೆ ಫ್ರೇಮಿನ ಗಾಜಿನ ಒಳಗೆ ಒಂದು ಸಣ್ಣ ನೂಲು ಉಳಿದಿತ್ತು, ತೋರಿಸಿದಾಗ ಏನೂ ಗೊಣಗದೆ ಬಿಚ್ಚಿ ಒರೆಸಿ ಕೊಟ್ಟರು, ದುಡ್ಡು ಕೇಳಲಿಲ್ಲ. ಬೆಳಕಿನ ನೇರಳಾತೀತ ಕಿರಣ ತಡೆಯುವ ಗಾಜು ಅವರಲ್ಲಿ ಸಿಗುವುದಿಲ್ಲ. ಅದು ಬೇಕು ಅಂದರೆ ಬೆಂಗಳೂರಿನಿಂದ ತರಿಸಬೇಕು, ರೇಟು ತುಂಬಾ ಮೇಲೆ. ಮನೆಯಲ್ಲಿ ಬಿಸಿಲು ಬೀಳದ ಜಾಗ ಇದ್ದರೆ ಸಾದಾ ಗಾಜೇ ಸಾಕು ಅಂತ ನನ್ನ ಅಭಿಪ್ರಾಯ.

ದರ ಸ್ಟುಡಿಯೊದವರಿಗಿಂತ ಸ್ವಲ್ಪ ಜಾಸ್ತಿ. ಆಸಿಡ್ ಇಲ್ಲದ ಬೋರ್ಡ್, ತೇಗ ಎರಡೂ ಸೇರಿದರೆ ಕೈ ಕಚ್ಚುತ್ತದೆ. ಕಡಿಮೆಯಲ್ಲಿ ಮಾಡಿಸುವುದಾದರೆ ಪಟ್ಟಿ ಅಗ್ಗದ್ದು ಹಾಕಿಸಿ, ಬೋರ್ಡಿನಲ್ಲಿ ಮಾತ್ರ ಉಳಿಸಲಿಕ್ಕೆ ಹೋಗಬೇಡಿ. ಕೊಡುವಾಗ ಅಂಟಿಸಬೇಡಿ ಅಂತ ನೀವೇ ಒಮ್ಮೆ ಹೇಳಿ. ಮಡಚಿ ಬಂದ ಪೋಸ್ಟರ್ ಆದರೆ ಮೊದಲೇ ದಪ್ಪ ಪುಸ್ತಕಗಳ ಕೆಳಗೆ ಕೆಲವು ದಿನ ಇಟ್ಟು ನೇರ ಮಾಡಿ ತನ್ನಿ, ಇಸ್ತ್ರಿ ಪೆಟ್ಟಿಗೆ ಮುಟ್ಟಿಸಬೇಡಿ. ಮತ್ತೆ, ಮೇ ಮುಗಿಯುವುದರೊಳಗೆ ಕೊಡಿ. ಮಳೆ ಹಿಡಿದ ಮೇಲೆ ಬೋರ್ಡು ತೇವ ಎಳೆಯುತ್ತದೆ, ಆಗ ಒಳಗೆ ಹಾಕಿ ಮುಚ್ಚಿದರೆ ತೇವವೂ ಒಳಗೇ ಉಳಿಯುತ್ತದೆ ಅಂತ ಜೂನ್, ಜುಲೈನಲ್ಲಿ ಅವರು ಪೋಸ್ಟರ್ ಕೆಲಸ ತೆಗೆದುಕೊಳ್ಳುವುದೇ ಇಲ್ಲ.