ಮಗನ ಓ.ಟಿ.ಗೆ ನಾಲ್ಕು ದಾರಿ: ದೊಡ್ಡ ಸೆಂಟರ್, ಸರ್ಕಾರಿ ಆಸ್ಪತ್ರೆ, ಮನೆಗೇ ಬರುವವರು, ಮಹಡಿ ಮೇಲಿನ ರೂಮು

ಓ.ಟಿ. ಅಂದರೆ ಆಕ್ಯುಪೇಷನಲ್ ಥೆರಪಿ, ಉಣ್ಣೋದು, ಹಲ್ಲುಜ್ಜೋದು ಥರದ ದಿನನಿತ್ಯದ ಕೆಲಸ ತಾನೇ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸೆ. ಬೆಂಗಳೂರಿನಲ್ಲಿ ಇದಕ್ಕೆ ಜಾಗವೇ ಇಲ್ಲ ಅನ್ನುವ ಹಾಗಿಲ್ಲ. ವಿಜಯನಗರದಿಂದ ಬಸವೇಶ್ವರನಗರದ ಕಡೆ ಸುಮ್ನೆ ಒಂದು ಸುತ್ತು ಹಾಕಿದರೂ ಬಣ್ಣಬಣ್ಣದ ಬೋರ್ಡುಗಳು ಕಾಣುತ್ತವೆ. ಯಾವ ಮೆಟ್ಟಿಲು ಹತ್ತೋದು ಅನ್ನೋದೇ ತಲೆನೋವು. ನಮ್ಮ ಮಗನಿಗೆ ಏಳು ವರ್ಷ, ಆಟಿಸಂ ಇದೆ. ಮಾತು ಅಷ್ಟಿಷ್ಟು ಇದೆ. ಮಿಕ್ಸಿ ಹಾಕಿದರೆ ಕಿವಿ ಮುಚ್ಚಿಕೊಂಡು ಓಡುತ್ತಾನೆ. ಉಗುರು ಕತ್ತರಿಸಲು ಕೈ ಕೊಡುವುದಿಲ್ಲ. ಬೆರಳಿಗೆ ಅನ್ನ ಅಂಟಿದರೆ ಊಟ ಅಲ್ಲಿಗೇ ಮುಗಿಯಿತು.

ಬೇರೆ ಬೇರೆ ಕಡೆ ಹೋಗಿ ನೋಡಿದ್ದೇವೆ. ನಾನು ಎಲ್ಲ ಕಡೆಯೂ ಒಂದೇ ಲೆಕ್ಕ ಹಾಕಿದೆ. ಸೆಷನ್ ಮುಗಿಸಿ ಮನೆಗೆ ಬಂದ ಮೇಲೆ ಇವನ ಜೊತೆ ಏನು ಮಾಡಬೇಕು ಅಂತ ನನಗೆ ಗೊತ್ತಾಗುತ್ತಿದೆಯಾ? ಸೆಷನ್ ಇರೋದು ಮುಕ್ಕಾಲು ಗಂಟೆ. ಮಿಕ್ಕ ದಿನವೆಲ್ಲ ಅವನು ನಮ್ಮ ಜೊತೆಯೇ ಇರುತ್ತಾನೆ, ಅಲ್ವಾ?

ಮೊದಲು ದೊಡ್ಡ ಸೆಂಟರ್. ಓ.ಟಿ., ಸ್ಪೀಚ್, ವಿಶೇಷ ಶಿಕ್ಷಣ ಎಲ್ಲವೂ ಒಂದೇ ಸೂರಿನಡಿ. ನೋಡಲು ಚೆನ್ನಾಗಿಯೇ ಇತ್ತು. ನೆಲದ ತುಂಬ ಮ್ಯಾಟ್, ಥರಾವರಿ ಉಯ್ಯಾಲೆ, ಟ್ರ್ಯಾಂಪೊಲಿನ್, ಚೆಂಡು ತುಂಬಿದ ತೊಟ್ಟಿ. ಈ ಸಾಮಾನು ಬರೀ ಆಟಕ್ಕೆ ಇಟ್ಟಿದ್ದಲ್ಲ. ಅಮೆರಿಕದ ಎ. ಜೀನ್ ಏರ್ಸ್ ಎಂಬ ಥೆರಪಿಸ್ಟ್ 1970ರ ದಶಕದಲ್ಲಿ ಬೆಳೆಸಿದ ಸೆನ್ಸರಿ ಇಂಟಿಗ್ರೇಷನ್ ಪದ್ಧತಿ ಇದರ ಹಿಂದಿದೆ. ಸ್ಪರ್ಶ, ಚಲನೆ, ಸದ್ದು ಇವನ್ನೆಲ್ಲ ಮಿದುಳು ಹೊಂದಿಸಿಕೊಳ್ಳಲು ನೆರವಾಗೋದು ಅದರ ಉದ್ದೇಶ. ತೂಗಿದಾಗ ಒಳಗಿವಿಯ ಸಮತೋಲನದ ಭಾಗಕ್ಕೆ ಕೆಲಸ ಸಿಗುತ್ತದೆ. ತಳ್ಳಿದಾಗ, ಎಳೆದಾಗ, ಜಿಗಿದಾಗ ಸ್ನಾಯು ಮತ್ತು ಕೀಲುಗಳಿಗೆ ಕೆಲಸ ಸಿಗುತ್ತದೆ. ನಮ್ಮವನು ಉಯ್ಯಾಲೆಯಿಂದ ಇಳಿದಾಗ ನಿಜವಾಗಿಯೂ ಸಮಾಧಾನವಾಗಿರುತ್ತಿದ್ದ. ಅದನ್ನು ಇಲ್ಲ ಅನ್ನೋದಿಲ್ಲ.

ಆದರೆ ನಮ್ಮನ್ನು ಒಳಗೆ ಬಿಡುತ್ತಿರಲಿಲ್ಲ. ಹೊರಗೆ ಕುರ್ಚಿಯಲ್ಲಿ ಕೂತು ಟಿವಿಯಲ್ಲಿ ಸಿಸಿಟಿವಿ ನೋಡಬೇಕು, ಅದರಲ್ಲಿ ಸದ್ದಿಲ್ಲ. ಮುಗಿದ ಮೇಲೆ ಬಾಗಿಲಲ್ಲಿ ನಿಂತು ಎರಡು ಮಾತು: ‘ಇವತ್ತು ಚೆನ್ನಾಗಿ ಮಾಡಿದ’. ಏನು ಮಾಡಿದ ಅಂತ ಕೇಳಿದರೆ ಅಷ್ಟರಲ್ಲಿ ಮುಂದಿನ ಮಗು ಬಂದಿರುತ್ತಿತ್ತು. ಥೆರಪಿಸ್ಟ್ ಬದಲಾಗುತ್ತಲೇ ಇದ್ದರು. ಹೊಸಬರು ಬಂದಾಗಲೆಲ್ಲ ಇವನು ಮತ್ತೆ ಮೊದಲಿಂದ ಹೊಂದಿಕೊಳ್ಳಬೇಕು. ಒಬ್ಬರಿಗೆ ಕನ್ನಡ ಬರುತ್ತಿರಲಿಲ್ಲ, ಇವನಿಗೆ ಮನೆಯಲ್ಲಿ ಕೇಳೋದು ಕನ್ನಡವೊಂದೇ. ದುಡ್ಡು ಪ್ಯಾಕೇಜ್ ಲೆಕ್ಕದಲ್ಲಿ ಮುಂಗಡ. ಜ್ವರ ಬಂದು ತಪ್ಪಿಸಿದ ಸೆಷನ್ನೂ ಕಡಿತ. ಕೊನೆಗೆ ಕೊಟ್ಟ ರಿಪೋರ್ಟಿನಲ್ಲಿ ಒಂದು ಕಡೆ ಬೇರೆ ಮಗುವಿನ ಹೆಸರು ಹಾಗೇ ಉಳಿದಿತ್ತು. ಅಲ್ಲಿಗೆ ನಮಗೂ ಸಾಕಾಯಿತು.

ಇಂಥ ಕಡೆ ಗೋಡೆಯ ಮೇಲಿನ ಸರ್ಟಿಫಿಕೇಟ್ ಸರಿಯಾಗಿ ಓದಿ. ಸ್ಪೀಚ್ ಥೆರಪಿಸ್ಟ್, ವಿಶೇಷ ಶಿಕ್ಷಕರು, ಕ್ಲಿನಿಕಲ್ ಸೈಕಾಲಜಿಸ್ಟ್ ಇವರೆಲ್ಲ ಆರ್‌ಸಿಐ (ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾ) ನೋಂದಣಿಗೆ ಬರುತ್ತಾರೆ. ಆಕ್ಯುಪೇಷನಲ್ ಥೆರಪಿಸ್ಟ್‌ಗಳು ಆ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ‘ನಮ್ಮದು ಆರ್‌ಸಿಐ ಸೆಂಟರ್’ ಅಂದ ಮಾತ್ರಕ್ಕೆ ಓ.ಟಿ. ಮಾಡುವವರು ಓ.ಟಿ. ಓದಿದ್ದಾರೆ ಅಂತ ಆಗುವುದಿಲ್ಲ. ಓ.ಟಿ.ಯ ಪದವಿ ಬಿಒಟಿ ಅಥವಾ ಸ್ನಾತಕೋತ್ತರ ಪದವಿ ಎಂಒಟಿ ಆಗಿದೆಯಾ ಅಂತ ನೇರವಾಗಿ ಕೇಳಿ. ಓದಿದವರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಸರ್ಕಾರಿ ಆಸ್ಪತ್ರೆ ಬೇರೆಯದೇ ಲೋಕ. ಬೆಳಗ್ಗೆ ಹೋಗಿ ಚೀಟಿ ಮಾಡಿಸಿದರೆ ಡಾಕ್ಟರ್ ನೋಡುವಾಗ ಮಧ್ಯಾಹ್ನ ಆದರೂ ಆಯಿತು. ಸದ್ದಿಗೆ ಹೆದರುವ ಮಗುವಿಗೆ ಆ ಕಾರಿಡಾರ್ ಒಂದು ಪರೀಕ್ಷೆಯೇ. ನಾನು ಇಯರ್‌ಮಫ್ ಮತ್ತು ಒಂದು ಡಬ್ಬಿ ಚಕ್ಕುಲಿ ಇಲ್ಲದೆ ಹೋಗುವುದಿಲ್ಲ. ವಾರ ವಾರ ಥೆರಪಿಗೆ ಅಲ್ಲಿ ಸರದಿ ಸಿಗೋದು ಕಷ್ಟ. ಆದರೆ ಮಗುವನ್ನು ಪೂರ್ತಿ ನೋಡಿ ಹೇಳೋದರಲ್ಲಿ ಖಾಸಗಿಯವರು ಇವರ ಹತ್ತಿರ ಸುಳಿಯುವುದಿಲ್ಲ ಅಂತ ನನ್ನ ಅನಿಸಿಕೆ. ನಿದ್ದೆ, ಹೊಟ್ಟೆ, ಫಿಟ್ಸ್, ಕಿವಿ, ಮನೆಯಲ್ಲಿ ಯಾರ್ಯಾರಿದ್ದಾರೆ ಎಲ್ಲ ಕೇಳಿದರು. ಪ್ಯಾಕೇಜ್ ಮಾರುವ ಅವಸರ ಅಲ್ಲಿ ಯಾರಿಗೂ ಇರಲಿಲ್ಲ.

ಕಾಗದಪತ್ರವೂ ಸರ್ಕಾರಿ ಆಸ್ಪತ್ರೆಯಿಂದಲೇ ಆಗಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ವೈಕಲ್ಯದ ಪ್ರಮಾಣಪತ್ರಕ್ಕೆ ಐಸಾ (ISAA) ಎಂಬ, ಆಟಿಸಂ ಅಳೆಯುವ ಭಾರತೀಯ ಮಾಪನ ಬಳಸುತ್ತಾರೆ. ಅದರಲ್ಲಿ 40 ಅಂಶಗಳಿವೆ, ಒಂದೊಂದಕ್ಕೂ 1ರಿಂದ 5 ಅಂಕ, ಮೊತ್ತ 70 ಅಥವಾ ಅದಕ್ಕಿಂತ ಜಾಸ್ತಿ ಆದರೆ ಆಟಿಸಂ ಅಂತ ಲೆಕ್ಕ. ಪ್ರಮಾಣಪತ್ರ ಕೈಗೆ ಬಂದರೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಗೆ ಅರ್ಜಿ ಹಾಕಬಹುದು. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಕವರ್ ಇದೆ. ಥೆರಪಿಗೆ ಅದರೊಳಗೇ ಬೇರೆ ಮಿತಿ ಇದೆ, ಪೂರ್ತಿ ಖರ್ಚು ಬರುತ್ತೆ ಅಂದುಕೊಳ್ಳಬೇಡಿ.

ಮನೆಗೆ ಬರುವ ಥೆರಪಿಸ್ಟ್ ನನಗೆ ಅತಿ ಹೆಚ್ಚು ಕಲಿಸಿದವರು. ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಬಂದವರು ಚೀಲವನ್ನೇ ಬಿಚ್ಚಲಿಲ್ಲ. ‘ಅಡುಗೆಮನೆ ನೋಡಬಹುದಾ ಮೇಡಂ?’ ಅಂದರು. ಚಪಾತಿ ಹಿಟ್ಟಿನ ಉಂಡೆ ಒಂದನ್ನು ಇವನ ಕೈಗೆ ಕೊಟ್ಟರು, ಮೇಲೆ ಒಣ ಹಿಟ್ಟು ಜಾಸ್ತಿ ಉದುರಿಸಿ, ಅಂಟದ ಹಾಗೆ. ಇವನು ಮೂಸಿ ನೋಡಿದ, ಬೆರಳಿಂದ ಒತ್ತಿದ, ಎಸೆಯಲಿಲ್ಲ. ಮುಂದಿನ ವಾರಗಳಲ್ಲಿ ಒಣ ಹಿಟ್ಟು ಕಮ್ಮಿ ಮಾಡುತ್ತಾ ಬಂದರು. ಆಮೇಲೆ ಒಣ ಅವಲಕ್ಕಿ, ನೆನೆಸಿದ ಅವಲಕ್ಕಿ, ಕೊನೆಗೆ ತುಪ್ಪದ ಅನ್ನ. ಮೊಸರನ್ನಕ್ಕೆ ಇನ್ನೂ ಚಮಚವೇ ಬೇಕು. ಇರಲಿ.

ಊಟಕ್ಕೆ ಮುಂಚೆ ಅರ್ಧ ಬಕೆಟ್ ನೀರು ತುಳಸಿ ಗಿಡದ ತನಕ ಇವನೇ ಹೊರಬೇಕು. ಚಾಪೆಯಲ್ಲಿ ಸುತ್ತಿ, ಮುಖ ಮಾತ್ರ ಹೊರಗೆ ಬಿಟ್ಟು, ಮೇಲಿಂದ ಮೆತ್ತಗೆ ಒತ್ತಬೇಕು. ಹೀಗೆ ಮಾಡಿದ ದಿನ ತಟ್ಟೆ ಮುಂದೆ ಕೂರುವುದು ಸುಲಭ. ನಡುಮನೆಯಲ್ಲಿ ಹಿಂದೆ ತೊಟ್ಟಿಲು ಕಟ್ಟಿದ್ದ ಕೊಕ್ಕೆ ಇತ್ತು. ಅದನ್ನು ಮೇಸ್ತ್ರಿ ಕರೆಸಿ ಗಟ್ಟಿ ಮಾಡಿಸಿ ಉಯ್ಯಾಲೆ ಹಾಕಿದೆವು. ನಮ್ಮ ಅತ್ತೆ ಇದನ್ನೆಲ್ಲ ನೋಡಿ, ‘ಇದಕ್ಕೂ ಫೀಸಾ?’ ಅಂದರು. ಈಗ ಬಕೆಟ್ ಕೆಲಸದ ಉಸ್ತುವಾರಿ ಅವರದೇ.

ತೊಂದರೆಯೂ ಇದೆ. ಮನೆ ಸೆಷನ್‌ಗೆ ದುಡ್ಡು ಜಾಸ್ತಿ. ಮಳೆ ಬಂದರೆ ಅವರು ಟ್ರಾಫಿಕ್‌ನಲ್ಲಿ, ನಾವು ಬಾಗಿಲಲ್ಲಿ. ಮನೆಯಲ್ಲಿ ಇವನದೇ ರಾಜ್ಯ, ಬೇಡ ಅನ್ನಿಸಿದರೆ ಅಜ್ಜಿಯ ಕೋಣೆಗೆ ಓಟ. ಬೇರೆ ಮಕ್ಕಳ ಜೊತೆ ಸರದಿ ಕಾಯೋದನ್ನು ಮನೆಯಲ್ಲಿ ಕಲಿಸಲು ಆಗುವುದೂ ಇಲ್ಲ.

ಆನ್‌ಲೈನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಗುವನ್ನು ಪರದೆ ಮುಂದೆ ಕೂರಿಸೋದು ದಂಡ. ಉಗುರು ಕತ್ತರಿಸುವಾಗಿನ ವಿಡಿಯೋ ಕಳಿಸಿ, ಥೆರಪಿಸ್ಟ್ ಜೊತೆ ನಾನೊಬ್ಬಳೇ ಮಾತಾಡಿದ್ದು ಉಪಯೋಗವಾಯಿತು.

ಸೇವಾ ಸಂಸ್ಥೆಗಳೂ ಇವೆ. ಲಿಂಗರಾಜಪುರದ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) 1959ರಿಂದ ಇದೆ. ಇಂದಿರಾನಗರದಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇದೆ. ಡಾ. ಪ್ರತಿಭಾ ಕಾರಂತ್ ಬೆಂಗಳೂರಿನಲ್ಲೇ ರೂಪಿಸಿದ ಕಾಮ್ ಡೀಲ್ ಎಂಬ ತರಬೇತಿ ಕಾರ್ಯಕ್ರಮ ಇರೋದು ಆರು ವರ್ಷದೊಳಗಿನ ಮಕ್ಕಳಿಗೆ. ನಾವು ವಿಚಾರಿಸುವ ಹೊತ್ತಿಗೆ ಇವನಿಗೆ ಆ ವಯಸ್ಸು ದಾಟಿತ್ತು. ಚಿಕ್ಕ ಮಕ್ಕಳಿರುವವರು ಇಂಥ ಕಡೆ ಮೊದಲು ಕೇಳಲಿ ಅಂತ ನಾನು ಹೇಳುತ್ತೇನೆ. ವಿಜಯನಗರದಿಂದ ಇಂದಿರಾನಗರಕ್ಕೆ ನೇರಳೆ ಮೆಟ್ರೋ ನೇರ ಹೋಗುತ್ತದೆ, ಆ ಅನುಕೂಲ ಇದೆ. ಆದರೆ ಮೆಜೆಸ್ಟಿಕ್ ನೂಕುನುಗ್ಗಲು ದಾಟುವಷ್ಟರಲ್ಲಿ ಇವನ ತಾಳ್ಮೆ ಅರ್ಧ ಖಾಲಿ. ದೂರದ ಒಳ್ಳೆ ಸೆಂಟರಿಗಿಂತ ಹತ್ತಿರದ ಪರವಾಗಿಲ್ಲ ಅನ್ನುವ ಸೆಂಟರ್ ವಾಸಿ ಅಂತ ನನಗೆ ಅನ್ನಿಸಿದ್ದು ಇಂಥ ಓಡಾಟದಿಂದಲೇ.

ಈಗ ಹೋಗುತ್ತಿರೋದು ಬಸವೇಶ್ವರನಗರದ ಒಂದು ಮನೆಯ ಮಹಡಿಗೆ. ಒಬ್ಬರೇ ಥೆರಪಿಸ್ಟ್, ಎರಡು ರೂಮು, ಒಂದೇ ಉಯ್ಯಾಲೆ. ಬಿಒಟಿ ಓದಿದವರು. ನಾನು ಒಳಗೇ ಕೂರುತ್ತೇನೆ. ಕೊನೆಯ ಹತ್ತು ನಿಮಿಷ ಅವರು ಪಕ್ಕಕ್ಕೆ ಸರಿದು ನನ್ನ ಕೈಯಿಂದ ಮಾಡಿಸುತ್ತಾರೆ. ಗುರಿ ಅಂತ ಬರೆದುಕೊಂಡಿರೋದು ಮೂರೇ: ತಾನೇ ಉಣ್ಣೋದು, ಹಲ್ಲುಜ್ಜೋದು, ಶಾಲೆಯಲ್ಲಿ ಗಂಟೆ ಹೊಡೆದಾಗ ಓಡದೆ ನಿಲ್ಲೋದು. ಸೆಷನ್‌ಗೆ 900 ರೂಪಾಯಿ, ಬಂದ ದಿನ ಕೊಟ್ಟರೆ ಸಾಕು. ಸ್ಪೀಚ್‌ಗೆ ಬೇರೆ ಕಡೆ ಅಲೆಯಬೇಕು, ಅವರಿಗೆ ಹುಷಾರಿಲ್ಲದಿದ್ದರೆ ಆ ವಾರ ರಜೆ. ದೊಡ್ಡ ಸೆಂಟರಿನ ಅನುಕೂಲ ಇಲ್ಲಿಲ್ಲ. ಈ ಥೆರಪಿಯ ಜೊತೆಗೆ ಆಗಾಗ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸುತ್ತೇವೆ.

ಇಂಥ ಸಣ್ಣ ಕಡೆ ಸಂಜೆ ಹೊತ್ತು ಖಾಲಿ ಇರುವುದೇ ಇಲ್ಲ. ಎಲ್ಲರೂ ಶಾಲೆ ಬಿಟ್ಟ ಮೇಲೆಯೇ ಬರಬೇಕಲ್ಲ. ಬೆಳಗ್ಗೆ ಒಂಬತ್ತೂವರೆಗೆ ಬರುತ್ತೇವೆ ಅಂದದ್ದಕ್ಕೆ ನಮಗೆ ಬೇಗ ಜಾಗ ಸಿಕ್ಕಿತು. ಥೆರಪಿಸ್ಟ್ ಕೊಟ್ಟ ಪತ್ರ ತೋರಿಸಿದ ಮೇಲೆ ವಾರಕ್ಕೆ ಎರಡು ದಿನ ತಡವಾಗಿ ಬರಲು ಶಾಲೆಯವರೂ ಒಪ್ಪಿದರು.