ಹಳೆಯ ಜೀಪಿನ ಮುಂಚಕ್ರಗಳ ಪರೀಕ್ಷೆ: ದಾರ, ಟ್ರ್ಯಾಮೆಲ್, ಯಂತ್ರ

ಮಹೀಂದ್ರ ಸಿಜೆ-3ಬಿ ಜೀಪಿನ ಸ್ಟೀರಿಂಗ್ ಒಂದು ಕಡೆಗೆ ಎಳೆಯತೊಡಗಿದರೆ, ಮುಂದಿನ ಟೈರು ಒಂದೇ ಅಂಚಿನಲ್ಲಿ ಸವೆದರೆ, "ಅಲೈನ್‌ಮೆಂಟ್ ಮಾಡಿಸಿ" ಎನ್ನುವವರೇ ಎಲ್ಲರೂ. ಚಿಕ್ಕಮಗಳೂರಿನ ಕಾಫಿ ತೋಟದ ದಾರಿಗಳಲ್ಲಿ ದುಡಿದು ಸವೆದ ನಮ್ಮ ಜೀಪಿನ ಮೇಲೆ ದಾರ, ಟ್ರ್ಯಾಮೆಲ್ ಅಳತೆಗೋಲು, ಕ್ಯಾಮೆರಾ ಇರುವ ಯಂತ್ರ, ಈ ಮೂರನ್ನೂ ಪ್ರಯೋಗಿಸಿ ನೋಡಿದ್ದೇನೆ. ರೋಗ ಪತ್ತೆಗೆ ಇವು ಮೂರೂ ಸಮಾನವಲ್ಲ.

ಸಿಜೆ-3ಬಿ ಮೂಲತಃ ಅಮೆರಿಕದ ವಿಲ್ಲಿಸ್ ಕಂಪನಿಯ ವಿನ್ಯಾಸ. ವಿಲ್ಲಿಸ್ ಜೀಪಿನ ಲೆಕ್ಕದಲ್ಲಿ ಕ್ಯಾಸ್ಟರ್ (ಚಕ್ರ ಎಡಬಲಕ್ಕೆ ಹೊರಳುವ ಅಚ್ಚಾದ ಕಿಂಗ್‌ಪಿನ್, ಪಕ್ಕದಿಂದ ನೋಡಿದಾಗ ಹಿಂದಕ್ಕೆ ವಾಲಿರುವ ಕೋನ) 3 ಡಿಗ್ರಿ, ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ಮೇಲ್ತುದಿ ಹೊರಕ್ಕೆ ವಾಲಿರುವ ಕೋನ) 1.5 ಡಿಗ್ರಿ, ಟೋ-ಇನ್ (ಎರಡು ಚಕ್ರಗಳ ಮುಂಬದಿಯ ಅಂತರ ಹಿಂಬದಿಯದಕ್ಕಿಂತ ಎಷ್ಟು ಕಡಿಮೆ ಎಂಬುದು) ಇಂಚಿನ 3/64ರಿಂದ 3/32, ಅಂದರೆ ಸುಮಾರು 1.2ರಿಂದ 2.4 ಮಿಲಿಮೀಟರ್. ಇವುಗಳಲ್ಲಿ ಟೈ ರಾಡ್, ಅಂದರೆ ಸ್ಟೀರಿಂಗ್‌ನ ಚಲನೆಯನ್ನು ಚಕ್ರಕ್ಕೆ ತಲುಪಿಸುವ ಸರಳು, ತಿರುಗಿಸಿ ಸರಿಪಡಿಸಬಹುದಾದದ್ದು ಟೋ ಒಂದೇ. ಕ್ಯಾಂಬರ್ ಆಕ್ಸಲ್‌ನಲ್ಲೇ ಕೂತಿರುತ್ತದೆ. ಅದು ತಪ್ಪಿದ್ದರೆ ಆಕ್ಸಲ್ ಬಾಗಿದೆ ಅಥವಾ ಬೇರಿಂಗ್ ಸಡಿಲವಾಗಿದೆ ಎಂದೇ ಅರ್ಥ. ಕ್ಯಾಸ್ಟರ್ ಬದಲಿಸಲು ಸ್ಪ್ರಿಂಗ್ ಪಟ್ಟಿ ಮತ್ತು ಆಕ್ಸಲ್ ನಡುವೆ ಬೆಣೆ ಹಾಕಬೇಕು.

ಅಳತೆಗೆ ಮೊದಲು ಸಡಿಲ ಹುಡುಕಬೇಕು. ಆಕ್ಸಲ್‌ಗೆ ಜಾಕ್ ಕೊಟ್ಟು ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲುಗಾಡಿಸಿ. ಅಲುಗಾಟ ಕಂಡರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಆಗ ಅಲುಗಾಟ ನಿಂತರೆ ವೀಲ್ ಬೇರಿಂಗ್, ನಿಲ್ಲದಿದ್ದರೆ ಕಿಂಗ್‌ಪಿನ್ ಬೇರಿಂಗ್. ಬಳಿಕ ಜೀಪನ್ನು ನೆಲಕ್ಕಿಳಿಸಿ, ಸ್ಟೀರಿಂಗನ್ನು ಸ್ವಲ್ಪವೇ ಆ ಕಡೆ ಈ ಕಡೆ ಆಡಿಸುತ್ತಾ ನಡುವಿನ ಬೆಲ್ ಕ್ರ್ಯಾಂಕನ್ನು, ಅಂದರೆ ಸ್ಟೀರಿಂಗ್‌ನ ಚಲನೆಯನ್ನು ಟೈ ರಾಡ್‌ಗಳಿಗೆ ದಾಟಿಸುವ ತಿರುಗುವ ಸನ್ನೆಯನ್ನು, ಗಮನಿಸಿ. ಎರಡೂ ಟೈ ರಾಡ್‌ಗಳು ಬಂದು ಸೇರುವುದು ಅಲ್ಲಿಗೇ. ಅದು ತಿರುಗುವ ಬದಲು ಓಲಾಡಿದರೆ ಅದನ್ನು ರಿಪೇರಿ ಮಾಡದೆ ಟೋ ಅಳೆಯುವುದು ವ್ಯರ್ಥ.

ದಾರದ ವಿಧಾನ ಅಗ್ಗ. ಜೀಪಿನಲ್ಲಿ ಮುಂದಿನ ಜೋಡಿ ಚಕ್ರಗಳ ಅಂತರವೂ ಹಿಂದಿನದೂ ಒಂದೇ ಆದ್ದರಿಂದ ಹಿಂದಿನ ಟೈರಿಗೆ ತಾಗಿಸಿ ಎಳೆದ ದಾರ ಮುಂದಿನ ಚಕ್ರಕ್ಕೆ ನೇರ ಸಾಕ್ಷಿ. ಸ್ಟೀರಿಂಗ್ ನಡುವಿನಲ್ಲಿದ್ದಾಗ ಎರಡೂ ಚಕ್ರಗಳು ಸಮನಾಗಿ ನಿಂತಿವೆಯೇ, ಆಕ್ಸಲ್ ಹಿಂದಕ್ಕೆ ಸರಿದಿದೆಯೇ ಎಂಬುದನ್ನು ಇದರಷ್ಟು ಸ್ಪಷ್ಟವಾಗಿ ಬೇರಾವುದೂ ತೋರಿಸಲಿಲ್ಲ. ಆದರೆ ಟೈರಿನ ಪಕ್ಕದ ಉಬ್ಬು, ರಿಮ್ಮಿನ ಡೊಂಕು ಎಲ್ಲವೂ ಅಳತೆಯೊಳಗೆ ಸೇರಿಕೊಳ್ಳುತ್ತವೆ. ಒಂದೆರಡು ಮಿಲಿಮೀಟರಿನ ಟೋಗೆ ನಾನು ದಾರವನ್ನು ನಂಬುವುದಿಲ್ಲ.

ಅದಕ್ಕೆ ಟ್ರ್ಯಾಮೆಲ್ಲೇ ಬೇಕು. ಚಕ್ರವನ್ನು ಎತ್ತಿ, ಟೈರಿನ ಮೇಲ್ಮೈಗೆ ಸೀಮೆಸುಣ್ಣ ಬಳಿದು, ಅಲುಗದಂತೆ ಊರಿದ ಮೊಳೆಯ ತುದಿ ತಾಗುವಂತೆ ಚಕ್ರ ತಿರುಗಿಸಿದರೆ ಸುತ್ತಲೂ ಕೂದಲೆಳೆಯಂಥ ಗೆರೆ ಬೀಳುತ್ತದೆ. ರಿಮ್ ಎಷ್ಟೇ ಡೊಂಕಿದ್ದರೂ ಆ ಗೆರೆ ಸುತ್ತುವುದು ಒಂದೇ ಸಮತಲದಲ್ಲಿ. ಜೀಪನ್ನು ಕೆಳಗಿಳಿಸಿ ಸ್ವಲ್ಪ ಮುಂದಕ್ಕೆ ತಳ್ಳಿ. ಹಿಂದಕ್ಕೆ ತಳ್ಳಬಾರದು, ಸಡಿಲವೆಲ್ಲ ತಿರುಗುಮುರುಗಾಗುತ್ತದೆ. ಆಕ್ಸಲ್ ಎತ್ತರದಲ್ಲಿ, ಚಕ್ರಗಳ ಹಿಂಬದಿಯ ಗೆರೆಗಳ ಅಂತರ ಅಳೆದು ಅಲ್ಲೇ ಗುರುತು ಹಾಕಿ. ಗುರುತು ಮುಂಬದಿಗೆ ಬರುವಷ್ಟು ಜೀಪನ್ನು ಮುಂದೆ ತಳ್ಳಿ, ಮತ್ತೆ ಅಳೆಯಿರಿ. ಹಿಂಬದಿಯಲ್ಲಿ ಎಂಜಿನ್ ಅಡ್ಡ ಬರುವುದರಿಂದ ಟೇಪು ಸಾಲದು. ಎರಡು ತುದಿಗೂ ಕಡ್ಡಿ ನಿಲ್ಲಿಸಿದ ಕಬ್ಬಿಣದ ಪಟ್ಟಿಯನ್ನು ಕೆಳಗಿನಿಂದ ತೂರಿಸಬೇಕು. ವೆಲ್ಡಿಂಗ್ ಅಂಗಡಿಯಲ್ಲಿ ಇದನ್ನು ಮಾಡಿಸಿಕೊಳ್ಳಬಹುದು. ಟೋ ವಿಚಾರದಲ್ಲಿ ನನ್ನ ಮತ ಪೂರ್ತಿಯಾಗಿ ಇದಕ್ಕೇ.

ಯಂತ್ರವನ್ನು ತಳ್ಳಿಹಾಕಲಾರೆ. ಕ್ಯಾಸ್ಟರ್, ಕಿಂಗ್‌ಪಿನ್ ಓರೆ, ಎಡಬಲಗಳ ವ್ಯತ್ಯಾಸ ಇವನ್ನೆಲ್ಲ ಅದು ನಿಮಿಷಗಳಲ್ಲಿ ಹೇಳುತ್ತದೆ. ಮನೆಯಲ್ಲಿ ಕ್ಯಾಸ್ಟರ್ ಅಳೆಯುವುದು ತಾಳ್ಮೆಯ ಕೆಲಸ: ಸಮತಟ್ಟಾದ ನೆಲದಲ್ಲಿ ಚಕ್ರವನ್ನು 20 ಡಿಗ್ರಿ ಹೊರಕ್ಕೆ, 20 ಡಿಗ್ರಿ ಒಳಕ್ಕೆ ತಿರುಗಿಸಿ, ಎರಡೂ ಸಲ ರಿಮ್ಮಿಗೆ ಕೋನಮಾಪಕ ಹಿಡಿದು, ಬಂದ ಕ್ಯಾಂಬರ್ ವ್ಯತ್ಯಾಸವನ್ನು ಒಂದೂವರೆಯಿಂದ ಗುಣಿಸಬೇಕು. ವ್ಯತ್ಯಾಸ 2 ಡಿಗ್ರಿ ಬಂದರೆ ಕ್ಯಾಸ್ಟರ್ 3. ಆದರೆ ನಾನು ಹೋದ ಕೇಂದ್ರದ ಯಂತ್ರದಲ್ಲಿ ಸಿಜೆ-3ಬಿಯ ಹೆಸರೇ ಇರಲಿಲ್ಲ. ಹತ್ತಿರದ್ದೆಂದು ಹೊಸ ಕಾಲದ ಗಾಡಿಯೊಂದನ್ನು ಆರಿಸಿದರು. ಪರದೆಯ ಹಸಿರು, ಕೆಂಪು ಬಣ್ಣಗಳೆಲ್ಲ ಆ ಗಾಡಿಯ ಲೆಕ್ಕಕ್ಕೆ. ಅದೂ ಅಲ್ಲದೆ, ಸವೆದ ಕಿಂಗ್‌ಪಿನ್ ಆ ಕ್ಷಣದಲ್ಲಿ ಯಾವ ಕಡೆ ಒರಗಿದೆಯೋ ಆ ಕೋನವನ್ನೇ ಯಂತ್ರ ನಿಖರವಾಗಿ ಅಳೆದು ಕೊಡುತ್ತದೆ. ಚಕ್ರ ಅಲುಗುತ್ತಿದೆ ಎಂಬುದು ಅದಕ್ಕೆ ತಿಳಿಯುವುದಿಲ್ಲ.

ಹಾಗಾಗಿ ಸಡಿಲ ತೆಗೆದ ಮೇಲೆಯೇ ಯಂತ್ರಕ್ಕೆ ಹೋಗಿ. ಜೀಪಿನ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಟೋ ಅನ್ನು ಡಿಗ್ರಿಯಲ್ಲಿ ತೋರಿಸುವ ಯಂತ್ರವಾದರೆ, 28 ಇಂಚು ವ್ಯಾಸದ ಟೈರಿಗೆ 1.8 ಮಿಲಿಮೀಟರ್ ಎಂದರೆ ಎರಡೂ ಚಕ್ರ ಸೇರಿ ಸುಮಾರು 0.15 ಡಿಗ್ರಿ. ಅಳತೆಯ ಮುದ್ರಿತ ಹಾಳೆ ಕೇಳಿ ಪಡೆಯಿರಿ, ಟೈ ರಾಡ್ ಮುಟ್ಟಬೇಡಿ ಎಂದು ಮೊದಲೇ ಹೇಳಿ. ಟೋ ಅನ್ನು ಮನೆಗೆ ಬಂದು ಟ್ರ್ಯಾಮೆಲ್ ಇಟ್ಟು ಕೂರಿಸಿಕೊಳ್ಳಿ: ಬೆಲ್ ಕ್ರ್ಯಾಂಕ್ ನೇರ ನಿಲ್ಲಿಸಿ, ಮೊದಲು ದಾರ ಹಿಡಿದು ಎಡಚಕ್ರವನ್ನು ನೇರ ಮಾಡಿ, ಆಮೇಲೆ ಟ್ರ್ಯಾಮೆಲ್ ಅಳತೆ ನೋಡುತ್ತಾ ಬಲಚಕ್ರದ ಟೈ ರಾಡ್ ತಿರುಗಿಸಿ.